ಜಾವಾ ಒಂದೇ, ಹೆಸರು ಹತ್ತು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆ ಪಾಠ, ಬಿಸಿಯೂಟ, ಚುನಾವಣೆ ಡ್ಯೂಟಿಗಳ ಜೊತೆ ಇನ್ನೊಂದು ಕೆಲಸವೂ ಇದೆ. ಹಳೆಯ ವಿದ್ಯಾರ್ಥಿಗಳ ಅಪ್ಪ-ಅಮ್ಮ ತಂದುಕೊಡುವ ಇಂಗ್ಲಿಷ್ ಕಾಗದ ಓದಿ ಅರ್ಥ ಹೇಳುವುದು! ಮೊದಲು ಬ್ಯಾಂಕಿನ ನೋಟೀಸು, ಆಸ್ಪತ್ರೆಯ ಚೀಟಿ ಬರುತ್ತಿದ್ದವು. ಈಗೀಗ ಹೈದರಾಬಾದಿನ ಕಂಪ್ಯೂಟರ್ ಕೋಚಿಂಗ್ ಸೆಂಟರುಗಳ ಪಾಂಪ್ಲೆಟ್ ಬರುತ್ತಿವೆ. ಅಮೀರ್‌ಪೇಟ್, ಮೈತ್ರಿವನಂ ಕಡೆ ಒಂದು ಸುತ್ತು ಹಾಕಿದವರಿಗೆ ಆ ಬೋರ್ಡುಗಳ ಪರಿಚಯ ಇರುತ್ತದೆ. ಕೋರ್ ಜಾವಾ, ಅಡ್ವಾನ್ಸ್ಡ್ ಜಾವಾ, ಜೆ2ಇಇ, ಜೆಡಿಕೆ 8, ಜೆಡಿಕೆ 17, ಜೆಡಿಬಿಸಿ, ಜೆಎಸ್‌ಪಿ, ಸ್ಪ್ರಿಂಗ್ ಬೂಟ್, ಜಾವಾಸ್ಕ್ರಿಪ್ಟ್, ಫುಲ್ ಸ್ಟಾಕ್... ಒಂದೊಂದು ಹೆಸರಿನ ಮುಂದೂ ಒಂದೊಂದು ಫೀಸು.

"ಸರ್, ಇದರಾಗ ನಮ್ ಹುಡುಗಗ ಯಾವ್ದು ಬೇಕ್ರಿ? ಎಲ್ಲಾ ಕೂಡಿಸಿ ಕಟ್ರಿ ಅಂತಾರ್ರಿ ಅವ್ರು."

ಈ ಪ್ರಶ್ನೆ ನನ್ನೊಬ್ಬನದಲ್ಲ, ಗಡಿಯ ಪ್ರತಿ ಕನ್ನಡ ಮೇಷ್ಟ್ರೂ ಒಮ್ಮೆಯಾದರೂ ಕೇಳಿಸಿಕೊಂಡಿರುತ್ತಾರೆ. ನಾನು ಟಿಸಿಹೆಚ್ ಮಾಡಿ, ಆಮೇಲೆ ಬಿ.ಎ. ಓದಿದವನು. ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಆದರೂ ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮ ಹಳೆಯ ಮಕ್ಕಳನ್ನು ಕೇಳಿ, ಓದಿ, ಒಂದಿಷ್ಟು ತಿಳಿದುಕೊಂಡೆ. ತಿಳಿದ ಮೇಲೆ ಒಂದು ಅಭಿಪ್ರಾಯವೂ ಗಟ್ಟಿಯಾಯಿತು. ಅದು ಇಷ್ಟೇ: ಈ ಹೆಸರುಗಳಲ್ಲಿ ಹೆಚ್ಚಿನವು ಬೇರೆ ಬೇರೆ ವಿದ್ಯೆಗಳಲ್ಲ, ಒಂದೇ ಊರಿನ ಬೇರೆ ಬೇರೆ ಕಾಲದ ವಿಳಾಸಗಳು. ಈ ಮಾತನ್ನು ಹುಡುಗನಿಗೂ ಫೀಸು ಕಟ್ಟುವ ಅಪ್ಪನಿಗೂ ಕನ್ನಡದಲ್ಲಿ ಹೇಳಿ ಕಳಿಸುವುದು ನಮ್ಮ ಶಾಲೆಗಳ ಕೆಲಸ.

ವಿಳಾಸ ಬದಲಾಗುವುದು ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ? 1956ರ ಅಕ್ಟೋಬರ್ 31ರ ತನಕ ಜಹೀರಾಬಾದ್, ನಾರಾಯಣಖೇಡ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಮರುದಿನ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆ ಆಯಿತು. ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ, ತಾಂಡೂರು ಎಲ್ಲವೂ ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದ್, ನಾರಾಯಣಖೇಡ ಮೆದಕ್ ಜಿಲ್ಲೆಯಾದವು. ತಾಂಡೂರು ಹೈದರಾಬಾದ್ ಜಿಲ್ಲೆಗೆ ಹೋಗಿ, 1978ರಲ್ಲಿ ರಂಗಾರೆಡ್ಡಿ ಜಿಲ್ಲೆ ಆಯಿತು. 2014ರ ಜೂನ್ 2ಕ್ಕೆ ರಾಜ್ಯದ ಹೆಸರು ತೆಲಂಗಾಣ. 2016ರ ಅಕ್ಟೋಬರ್ 11ಕ್ಕೆ ಜಿಲ್ಲೆಗಳ ಹೆಸರು ಸಂಗಾರೆಡ್ಡಿ, ವಿಕಾರಾಬಾದ್. ಅತ್ತ ಗುಲ್ಬರ್ಗಾ 2014ರಲ್ಲಿ ಕಲಬುರಗಿ ಆಗಿತ್ತು.

ಹೊಲ ಎಲ್ಲೂ ಹೋಗಲಿಲ್ಲ. ತಾಂಡೂರಿನ ತೊಗರಿ ತಾಂಡೂರಿನದೇ, ಕಲ್ಲೂ ತಾಂಡೂರಿನದೇ. ಅಜ್ಜ ಬೀದರ್ ಜಿಲ್ಲೆಯಲ್ಲಿ ಹುಟ್ಟಿದ, ಅಪ್ಪ ಮೆದಕ್ ಜಿಲ್ಲೆಯಲ್ಲಿ, ಮೊಮ್ಮಗ ಸಂಗಾರೆಡ್ಡಿ ಜಿಲ್ಲೆಯಲ್ಲಿ. ಮೂವರೂ ಹುಟ್ಟಿದ್ದು ಒಂದೇ ಮನೆಯ ಒಂದೇ ಕೋಣೆಯಲ್ಲಿ! ರಸ್ತೆಯ ಮೇಲೆ ನಿಂತು ಟ್ರ್ಯಾಕ್ಟರುಗಳ ನಂಬರ್ ಪ್ಲೇಟ್ ನೋಡಿ: ಹಳೆಯದರ ಮೇಲೆ ಎಪಿ 23, ಆಮೇಲಿನದರ ಮೇಲೆ ಟಿಎಸ್ 15, 2024ರ ಮಾರ್ಚ್‌ನಿಂದ ಬಂದದ್ದರ ಮೇಲೆ ಟಿಜಿ 15. ಅಕ್ಷರ ನೋಡಿ ಮೂರು ಬೇರೆ ಬೇರೆ ದೇಶದ ಗಾಡಿ ಅಂತ ಯಾರಾದರೂ ಅಂದರೆ ನಮ್ಮ ಮೂರನೇ ತರಗತಿ ಮಗುವೂ ನಗುತ್ತದೆ. ಜಾವಾದ ಕಥೆಯೂ ಬಹಳಷ್ಟು ಹೀಗೇ ಇದೆ.

ಜಾವಾ ಅನ್ನುವುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗೋಸ್ಲಿಂಗ್ ಮತ್ತು ಅವರ ಜೊತೆಗಾರರು 1991ರಲ್ಲಿ ಇದರ ಕೆಲಸ ಶುರು ಮಾಡಿದರು. ಮೊದಲು ಇಟ್ಟ ಹೆಸರು ಓಕ್, ಅಂದರೆ ಒಂದು ಮರದ ಹೆಸರು. ಆ ಹೆಸರು ಅದಾಗಲೇ ಬೇರೊಬ್ಬರ ಹತ್ತಿರ ಇದ್ದದ್ದರಿಂದ ಜಾವಾ ಅಂತ ಬದಲಾಯಿಸಿದರು. 1995ರ ಮೇ ತಿಂಗಳಲ್ಲಿ ಲೋಕಕ್ಕೆ ತೋರಿಸಿದರು, 1996ರ ಜನವರಿಯಲ್ಲಿ ಮೊದಲ ಆವೃತ್ತಿ ಕೈಗೆ ಬಂತು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕಂಪನಿ ಕೊಂಡುಕೊಂಡಿತು. ಮಾಲೀಕ ಬದಲಾದ, ಭಾಷೆ ಅದೇ ಉಳಿಯಿತು.

ಇದಕ್ಕೆ ಇಷ್ಟು ಹೆಸರು ಬರಲು ಕಾರಣ ಏನು? ಸುಲಭದ್ದರಿಂದ ಶುರು ಮಾಡೋಣ. ಜೆವಿಎಂ, ಜೆಆರ್‌ಇ, ಜೆಡಿಕೆ ಎಂಬ ಮೂರು ಮೂರಕ್ಷರಗಳು. ಇದಕ್ಕೆ ನಮ್ಮ ಜೋಳದ ರೊಟ್ಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಜೋಳವನ್ನು ಒಮ್ಮೆ ಗಿರಣಿಗೆ ಹಾಕಿಸಿ ಹಿಟ್ಟು ಮಾಡಿಸಿದರೆ ಆ ಹಿಟ್ಟನ್ನು ಬೀದರಿಗೂ ಒಯ್ಯಬಹುದು, ಸೊಲ್ಲಾಪುರಕ್ಕೂ ಒಯ್ಯಬಹುದು. ಒಬ್ಬರ ಮನೆಯಲ್ಲಿ ಕಟ್ಟಿಗೆ ಒಲೆ, ಇನ್ನೊಬ್ಬರಲ್ಲಿ ಗ್ಯಾಸು, ಮತ್ತೊಬ್ಬರಲ್ಲಿ ಕರೆಂಟ್ ಒಲೆ. ಒಲೆ ಬೇರೆ ಆದರೂ ಹಿಟ್ಟು ಅದೇ, ರೊಟ್ಟಿಯೂ ಅದೇ. ಜಾವಾದಲ್ಲಿ ಮನುಷ್ಯ ಬರೆದ ಪ್ರೋಗ್ರಾಮು ಜೋಳದ ಹಾಗೆ. ಅದನ್ನು ಬೀಸಿದಾಗ ಬರುವ ಹಿಟ್ಟಿಗೆ ಬೈಟ್‌ಕೋಡ್ ಅಂತಾರೆ. ವಿಂಡೋಸ್ ಕಂಪ್ಯೂಟರಿಗೊಂದು, ಲಿನಕ್ಸ್ ಕಂಪ್ಯೂಟರಿಗೊಂದು ಒಲೆ ಇರುತ್ತದೆ. ಆ ಒಲೆಯೇ ಜೆವಿಎಂ. ಒಲೆಯ ಜೊತೆ ತವೆ, ನೀರು, ಉಪ್ಪು ಎಲ್ಲ ಇರುವ ಅಡುಗೆಮನೆ ಜೆಆರ್‌ಇ. ಅಡುಗೆಮನೆಯ ಜೊತೆಗೆ ಬೀಸುವ ಗಿರಣಿಯೂ ಇದ್ದರೆ ಅದು ಜೆಡಿಕೆ. ರೊಟ್ಟಿ ಸುಟ್ಟು ತಿನ್ನುವವನಿಗೆ ಅಡುಗೆಮನೆ ಸಾಕು. ಹಿಟ್ಟು ಮಾಡುವವನಿಗೆ, ಅಂದರೆ ಪ್ರೋಗ್ರಾಮು ಬರೆಯಲು ಕಲಿಯುವವನಿಗೆ ಜೆಡಿಕೆ ಬೇಕು. ಜೆಡಿಕೆ ಹಾಕಿಕೊಂಡರೆ ಉಳಿದೆರಡೂ ಅದರೊಳಗೇ ಬರುತ್ತವೆ. 2018ರ 11ನೇ ಆವೃತ್ತಿಯಿಂದ ಒರಾಕಲ್ ಜೆಆರ್‌ಇಯನ್ನು ಬೇರೆಯಾಗಿ ಕೊಡುವುದನ್ನೇ ನಿಲ್ಲಿಸಿದೆ. ಹಾಗಾಗಿ ಈ ಮೂರು ಹೆಸರು ಮೂರು ಪಾಠವಲ್ಲ. ಒಂದು ಗಂಟೆಯಲ್ಲಿ ಹೇಳಿ ಮುಗಿಸುವ ಮಾತು.

ಮುಂದೆ ನಂಬರುಗಳ ಗೋಜಲು. 1996ರಲ್ಲಿ 1.0, 1997ರಲ್ಲಿ 1.1, 1998ರ ಡಿಸೆಂಬರಿನಲ್ಲಿ 1.2 ಬಂತು. ಇದರಲ್ಲಿ ಬದಲಾವಣೆ ಬಹಳ ಇದ್ದವು ಅಂತ ಕಂಪನಿಯವರು ಇದನ್ನು "ಜಾವಾ 2" ಎಂದು ಕರೆದರು. ಜೆ2ಇಇ ಅನ್ನುವುದರಲ್ಲಿ ಇರುವ 2 ಇದೇ! ಆಮೇಲೆ 1.3, 1.4 ಬಂದರೂ ಹೆಸರಿನ 2 ಹಾಗೇ ನಿಂತಿತು. 2004ರಲ್ಲಿ 1.5 ಬರಬೇಕಾದಾಗ ಅದನ್ನು 5.0 ಅಂದರು. 2006ರ ಡಿಸೆಂಬರಿನಲ್ಲಿ 6 ಬಂದಾಗ ಆ 2 ಅನ್ನು ಕಿತ್ತುಹಾಕಿದರು. ಹೊರಗಿನ ಹೆಸರು ಬದಲಾದರೂ ಒಳಗಿನ ದಾಖಲೆಯಲ್ಲಿ ಹಳೆಯ ಲೆಕ್ಕವೇ ನಡೆಯಿತು. 2014ರ ಮಾರ್ಚಿನಲ್ಲಿ ಬಂದ 8 ಅನ್ನು ಕಂಪ್ಯೂಟರಿಗೆ ಹಾಕಿ ವಿಚಾರಿಸಿದರೆ ಅದು ತನ್ನನ್ನು 1.8 ಅಂತಲೇ ಹೇಳಿಕೊಳ್ಳುತ್ತದೆ. ಅಂದರೆ ಜಾವಾ 8, ಜಾವಾ 1.8 ಎರಡೂ ಒಂದೇ. ಹಳೆಯ ಪಹಣಿಯಲ್ಲಿ ಮೆದಕ್ ಅಂತ ಇದ್ದು, ಆಧಾರ್ ಕಾರ್ಡಿನಲ್ಲಿ ಸಂಗಾರೆಡ್ಡಿ ಅಂತ ಇರುವ ಹಾಗೆ. 2017ರ 9ರಿಂದ ಈ ಗೊಂದಲ ಮುಗಿದು, ಒಳಗೂ ಹೊರಗೂ ಒಂದೇ ನಂಬರು.

ಆದರೆ ಅಲ್ಲಿಂದ ಇನ್ನೊಂದು ಹೊಸ ಪದ್ಧತಿ ಶುರುವಾಯಿತು. ಮೊದಲು ಒಂದು ಆವೃತ್ತಿಗೆ ಎರಡು ವರ್ಷ, ಮೂರು ವರ್ಷ ಹಿಡಿಯುತ್ತಿತ್ತು. 2018ರಿಂದ ಪ್ರತಿ ಮಾರ್ಚ್, ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದೊಂದು ಹೊಸ ನಂಬರು. ಹೀಗಾಗಿ ಎಂಟು ವರ್ಷ ಕಳೆಯುವುದರೊಳಗೆ ನಂಬರು ಇಪ್ಪತ್ತೈದು ದಾಟಿತು. ಎಲ್ಲ ನಂಬರಿಗೂ ಬಹಳ ಕಾಲದ ಆರೈಕೆ ಇರುವುದಿಲ್ಲ. ಕೆಲವನ್ನು ಮಾತ್ರ ವರ್ಷಗಟ್ಟಲೆ ದುರಸ್ತಿ ಮಾಡುತ್ತ ಕಾಪಾಡುತ್ತಾರೆ. ಅವಕ್ಕೆ ಎಲ್‌ಟಿಎಸ್ ಎಂಬ ಇನ್ನೊಂದು ಮೂರಕ್ಷರ! ದೀರ್ಘಕಾಲದ ಆರೈಕೆ ಇರುವ ಆವೃತ್ತಿ ಅಂತ ಅದರ ಅರ್ಥ. 8, 2018ರ 11, 2021ರ 17, 2023ರ 21, 2025ರ 25 ಇವು ಆ ಪಟ್ಟಿಯವು. ಕಚೇರಿಗಳು ಸಾಮಾನ್ಯವಾಗಿ ಇವುಗಳಲ್ಲೇ ಒಂದನ್ನು ಇಟ್ಟುಕೊಳ್ಳುತ್ತವೆ.

ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಶಾಲೆಯಲ್ಲಿ ನಂಬರು ಅಂದರೆ ತರಗತಿ. ಎಂಟು ಪಾಸಾಗದೆ ಒಂಬತ್ತು ಇಲ್ಲ, ಒಂಬತ್ತು ಓದದೆ ಹತ್ತಿಲ್ಲ. ಜಾವಾ 8, 17, 21 ಅಂತ ಬರೆದದ್ದು ನೋಡಿದ ತಕ್ಷಣ ಹುಡುಗರು ಇವನ್ನೂ ತರಗತಿ ಅಂತ ತಿಳಿಯುತ್ತಾರೆ. "ಸರ್, ನಾನು ಇನ್ನೂ 8ರಾಗೇ ಅದೀನಿ, 17ಕ್ಕ ಬೇರೆ ಕೋರ್ಸ್ ಮಾಡ್ಬೇಕಂತ" ಅನ್ನುತ್ತಾರೆ. ಈ ನಂಬರು ತರಗತಿಯದಲ್ಲ, ಪಠ್ಯಪುಸ್ತಕದ ಮುದ್ರಣದ್ದು. ಹೊಸ ಮುದ್ರಣದಲ್ಲಿ ಎರಡು ಪಾಠ ಸೇರುತ್ತವೆ, ಒಂದು ಲೆಕ್ಕದ ವಿಧಾನ ಸುಲಭವಾಗುತ್ತದೆ, ಎಲ್ಲೋ ಒಂದು ಹಳೆಯ ಪಾಠ ಹೋಗುತ್ತದೆ. ಹಳೆಯ ಮುದ್ರಣದಲ್ಲಿ ಮನಸ್ಸಿಟ್ಟು ಓದಿದ ಮಗು ಹೊಸದನ್ನು ಕೆಲವು ವಾರಗಳಲ್ಲಿ ಹಿಡಿಯುತ್ತದೆ. ನಿಜವಾಗಿ ಬರೆಯುವ ರೀತಿಯನ್ನೇ ಬದಲಿಸಿದ ಆವೃತ್ತಿಗಳು ಕೆಲವು ಮಾತ್ರ. 2004ರ 5, 2014ರ 8 ಅವುಗಳಲ್ಲಿ ಮುಖ್ಯವಾದವು.

ಹೊಸ ಮುದ್ರಣ ಕೆಲವು ಸಲ ಕಲಿಯುವವನಿಗೆ ಅನುಕೂಲವೂ ಆಗುತ್ತದೆ. ಜಾವಾದಲ್ಲಿ "ನಮಸ್ಕಾರ" ಅಂತ ಒಂದು ಸಾಲು ತೆರೆಯ ಮೇಲೆ ಮೂಡಿಸಬೇಕಾದರೂ ಮೊದಲು ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್ ಅಂತ ಅರ್ಥವಾಗದ ಪದಗಳನ್ನು ಬಾಯಿಪಾಠ ಮಾಡಿ ಬರೆಯಬೇಕಿತ್ತು. "ಇದು ಯಾಕೆ?" ಅಂತ ಕೇಳಿದರೆ "ಆಮೇಲೆ ಗೊತ್ತಾಗ್ತದ, ಈಗ ಬರಿ" ಅನ್ನುವುದೇ ಉತ್ತರ. 2025ರ ಸೆಪ್ಟೆಂಬರಿನಲ್ಲಿ ಬಂದ 25ರಲ್ಲಿ ಈ ಕಾಟ ತಪ್ಪಿಸಿದ್ದಾರೆ. ಮೊದಲ ಪ್ರೋಗ್ರಾಮನ್ನು ಮೂರು ಸಾಲಿನಲ್ಲಿ ಬರೆಯಬಹುದು. ಅಆಇಈಗಿಂತ ಮೊದಲು ವ್ಯಾಕರಣ ಕಲಿಸಬಾರದು ಅಂತ ಟಿಸಿಹೆಚ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಜಾವಾದವರಿಗೆ ಈ ಬುದ್ಧಿ ಬರಲು ಮೂವತ್ತು ವರ್ಷ ಬೇಕಾಯಿತು ನೋಡಿ!

ಇನ್ನು ಎಸ್‌ಇ, ಎಂಇ, ಇಇ. ಇವು ನಂಬರಲ್ಲ, ಕವಲು. ಎಸ್‌ಇ ಅಂದರೆ ಮೂಲ ಜಾವಾ. ಕೋಚಿಂಗಿನವರು ಕೋರ್ ಜಾವಾ ಅಂತ ಕಲಿಸುವುದು ಇದನ್ನೇ. ಎಂಇ ಚಿಕ್ಕ ಯಂತ್ರಗಳಿಗೆ ಮಾಡಿದ್ದು. 2000ದ ದಶಕದಲ್ಲಿ ಬಟನ್ ಫೋನುಗಳಲ್ಲಿ ನಾವು ಆಡುತ್ತಿದ್ದ ಎಷ್ಟೋ ಆಟಗಳು ಇದರಲ್ಲಿ ಬರೆದವು. ಸ್ಮಾರ್ಟ್ ಫೋನು ಬಂದ ಮೇಲೆ ಹೊಸದಾಗಿ ಕಲಿಯುವವರಿಗೆ ಇದರ ಗೊಡವೆ ಇಲ್ಲ. ಇಇ ಅಂದರೆ ಬ್ಯಾಂಕು, ವಿಮೆ, ದೊಡ್ಡ ಕಚೇರಿಗಳ ಕೆಲಸಕ್ಕೆ ಬೇಕಾದ ಹೆಚ್ಚಿನ ಸಾಮಾನುಗಳ ಗಂಟು. ಜೆಎಸ್‌ಪಿ, ಸರ್ವ್ಲೆಟ್ ಅಂತ ಬರುವವು ಆ ಗಂಟಿನಲ್ಲಿರುವ ಒಂದೊಂದು ಸಾಮಾನು. ಜೆಡಿಬಿಸಿ ಮಾತ್ರ ಎಸ್‌ಇಯ ಜೊತೆಯಲ್ಲೇ ಬರುತ್ತದೆ. ಪ್ರೋಗ್ರಾಮನ್ನು ಮಾಹಿತಿಯ ಉಗ್ರಾಣಕ್ಕೆ ಜೋಡಿಸುವ ಕೊಂಡಿ ಅದು. "ಅಡ್ವಾನ್ಸ್ಡ್ ಜಾವಾ" ಎಂಬ ಬೇರೆ ಭಾಷೆ ಎಲ್ಲೂ ಇಲ್ಲ. ಈ ಕೆಲವು ಸಾಮಾನುಗಳನ್ನು ಕಟ್ಟಿ, ಮೇಲೆ ಅಂಟಿಸಿದ ಚೀಟಿ ಅದು. ಚೀಟಿ ಅಂಟಿಸುವುದು ತಪ್ಪಲ್ಲ. ಆದರೆ ಚೀಟಿಗೆ ಬೇರೆ, ಸಾಮಾನಿಗೆ ಬೇರೆ ದುಡ್ಡು ಕೇಳಿದರೆ ನಾವು ಕಣ್ಣು ಬಿಡಬೇಕು.

ಹಾಗಾದರೆ ಹೆಸರು ಬದಲಾದರೆ ಏನೂ ಆಗುವುದಿಲ್ಲವೇ? ಆಗುತ್ತದೆ. ಈ ಇಇ ಕವಲನ್ನು ಒರಾಕಲ್ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್ ಎಂಬ ಸಂಸ್ಥೆಗೆ ಬಿಟ್ಟುಕೊಟ್ಟಿತು. ಸಾಮಾನು ಕೊಟ್ಟರೂ ಜಾವಾ ಎಂಬ ಹೆಸರಿನ ಹಕ್ಕು ಕೊಡಲಿಲ್ಲ. ಹಾಗಾಗಿ 2018ರಲ್ಲಿ ಜಕಾರ್ತ ಇಇ ಎಂದು ಹೊಸ ಹೆಸರಿಟ್ಟರು. ಭೂಪಟದಲ್ಲಿ ನೋಡಿ, ಜಕಾರ್ತ ಇರುವುದು ಜಾವಾ ದ್ವೀಪದಲ್ಲೇ! ಜೆ2ಇಇ, ಜಾವಾ ಇಇ, ಜಕಾರ್ತ ಇಇ ಮೂರೂ ಒಂದೇ ವಂಶ. ಆದರೆ 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತ ಇಇ 9ರಲ್ಲಿ ಒಳಗಿನ ಹೆಸರುಗಳನ್ನೂ ಬದಲಿಸಿಬಿಟ್ಟರು. ಎಲ್ಲೆಲ್ಲಿ ಜಾವಾಎಕ್ಸ್ ಅಂತ ಇತ್ತೋ ಅಲ್ಲೆಲ್ಲ ಜಕಾರ್ತ ಅಂತಾಯಿತು. ಹಳೆಯ ಹೆಸರಿನಲ್ಲಿ ಬರೆದ ಪ್ರೋಗ್ರಾಮು ಹೊಸದರ ಮೇಲೆ ಹಾಗೇ ನಡೆಯುವುದಿಲ್ಲ, ತಿದ್ದಬೇಕು. ಈಗ ಎಲ್ಲ ಪಾಂಪ್ಲೆಟ್‌ಗಳಲ್ಲೂ ಇರುವ ಸ್ಪ್ರಿಂಗ್ ಬೂಟ್ ಕೂಡ 2022ರ ನವೆಂಬರಿನಲ್ಲಿ ಬಂದ 3ನೇ ಆವೃತ್ತಿಯಿಂದ ಹೊಸ ಹೆಸರನ್ನೇ ಕೇಳುತ್ತದೆ, ಜಾವಾ 17 ಅಥವಾ ಅದರ ಮೇಲಿನದು ಇರಲೇಬೇಕು ಅನ್ನುತ್ತದೆ.

ನಮಗೆ ಇದೂ ಹೊಸದಲ್ಲ. ಜಿಲ್ಲೆಯ ಹೆಸರು ಬದಲಾದಾಗ ಹೊಲ ಕದಲುವುದಿಲ್ಲ ನಿಜ, ಆದರೆ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಹೆಸರು ಇದ್ದರೆ ಕೆಲಸ ನಿಲ್ಲುತ್ತದೆ. ಹಾಗೇ ಇಲ್ಲೂ. ಹೆಸರಿಗೆ ಹೆದರಬೇಕಾಗಿಲ್ಲ, ಆದರೆ ಯಾವ ಬದಲಾವಣೆ ಬರೀ ಬೋರ್ಡಿನದು, ಯಾವುದು ಕೆಲಸ ನಿಲ್ಲಿಸುವಂಥದ್ದು ಅನ್ನುವ ವಿವೇಕ ಬೇಕು. ಬಾಗಿಲ ಮೇಲೆ ಇನ್ನೂ ಜೆ2ಇಇ ಅಂತ ಬರೆದಿದ್ದರೆ, ಅದು 2006ಕ್ಕೇ ಬಿಟ್ಟುಹೋದ ಹೆಸರು. ಒಳಗೆ ಪಾಠವೂ ಅಷ್ಟೇ ಹಳೆಯದೋ, ಬೋರ್ಡು ಮಾತ್ರ ಹಳೆಯದೋ ಕೇಳಿ ತಿಳಿದುಕೊಳ್ಳಬೇಕು.

ಈ ವಂಶಕ್ಕೆ ಸೇರದ ಒಂದು ಹೆಸರೂ ಪಟ್ಟಿಯಲ್ಲಿದೆ: ಜಾವಾಸ್ಕ್ರಿಪ್ಟ್. ಇದು ಜಾವಾದ ಮಗನೂ ಅಲ್ಲ, ತಮ್ಮನೂ ಅಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಎಂಬವರು ಮಾಡಿದ ಬೇರೆ ಭಾಷೆ. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್ ಅಂತ ಕರೆದರು. ಆಗ ಜಾವಾದ ಹೆಸರು ಜೋರಾಗಿದ್ದರಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಅಂದರು. ನಮ್ಮ ಹೈದರಾಬಾದಿಗೂ ಪಾಕಿಸ್ತಾನದ ಸಿಂಧ್‌ನಲ್ಲಿರುವ ಹೈದರಾಬಾದಿಗೂ ಎಷ್ಟು ಸಂಬಂಧವೋ ಅಷ್ಟೇ. ವೆಬ್ ಪುಟಗಳ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ "ಜಾವಾ ಬಂದರೆ ಜಾವಾಸ್ಕ್ರಿಪ್ಟ್ ಅರ್ಧ ಬಂದಂತೆ" ಅನ್ನುವ ಮಾತು ನಂಬಬೇಡಿ. ತದ್ವಿರುದ್ಧವಾಗಿ ಕಾಟ್ಲಿನ್ ಎಂಬುದು ಹೆಸರಿನಲ್ಲಿ ಜಾವಾ ಇಲ್ಲದಿದ್ದರೂ ಅದೇ ಒಲೆಯ ಮೇಲೆ ರೊಟ್ಟಿ ಸುಡುವ ಭಾಷೆ. 2017ರಲ್ಲಿ ಗೂಗಲ್ ಅದನ್ನು ಆಂಡ್ರಾಯ್ಡ್ ಫೋನುಗಳ ಕೆಲಸಕ್ಕೆ ಒಪ್ಪಿಕೊಂಡಿತು. ಹೆಸರು ನೋಡಿ ನೆಂಟಸ್ತಿಕೆ ಹೇಳಬಾರದು ಅಂತ ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಈಗ ಕೆಲವರು ಕೇಳಬಹುದು. "ಮೇಷ್ಟ್ರೇ, ಇದೆಲ್ಲ ಇಂಗ್ಲಿಷ್‌ನಲ್ಲೇ ಇದೆ, ಹುಡುಗರು ಮುಂದೆ ಇಂಗ್ಲಿಷ್‌ನಲ್ಲೇ ಓದುತ್ತಾರೆ, ಕೆಲಸವೂ ಇಂಗ್ಲಿಷ್‌ನಲ್ಲೇ. ನಡುವೆ ಕನ್ನಡದಲ್ಲಿ ಹೇಳಿ ಏನು ಉಪಯೋಗ? ಮೊದಲೇ ಕನ್ನಡ ಶಾಲೆಯವರು ಹಿಂದೆ ಬಿದ್ದಿದ್ದಾರೆ." ಈ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ. ಕಂಪ್ಯೂಟರ್ ತೋರಿಸುವ ತಪ್ಪಿನ ಸೂಚನೆ ಇಂಗ್ಲಿಷ್‌ನಲ್ಲೇ ಇರುತ್ತದೆ, ಕೈಪಿಡಿ ಇಂಗ್ಲಿಷ್‌ನಲ್ಲೇ ಇರುತ್ತದೆ. ನಮ್ಮ ಮಕ್ಕಳಿಗೆ ಒಳ್ಳೆಯ ಇಂಗ್ಲಿಷ್ ಬೇಕು, ಅದನ್ನು ಕಲಿಸುವುದರಲ್ಲಿ ನಾವು ಹಿಂದೆ ಬೀಳಬಾರದು.

ಆದರೆ ಉಳಿದ ಅರ್ಧಕ್ಕೆ ನನ್ನ ಉತ್ತರ ಕೇಳಿ. ಜಾವಾ ಭಾಷೆ ತನಗಾಗಿ ಮೀಸಲಿಟ್ಟುಕೊಂಡ ಇಂಗ್ಲಿಷ್ ಪದಗಳು ಸುಮಾರು 50 ಮಾತ್ರ. ನಮ್ಮ ಏಳನೇ ತರಗತಿ ಮಗುವಿಗೆ ಅದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಬರುತ್ತವೆ. ಉಳಿದ ಹೆಸರುಗಳನ್ನು ಬರೆಯುವವನೇ ಇಡಬೇಕು. ಜಾವಾ ಮೊದಲ ದಿನದಿಂದಲೂ ಯೂನಿಕೋಡ್ ಒಪ್ಪಿಕೊಂಡ ಭಾಷೆ. ಅಂಕ, ಒಟ್ಟು, ಸರಾಸರಿ ಅಂತ ಕನ್ನಡ ಲಿಪಿಯಲ್ಲೇ ಹೆಸರಿಟ್ಟು ಲೆಕ್ಕ ಬರೆದರೂ ಅದು ನಡೆಸಿಕೊಡುತ್ತದೆ. ಕಚೇರಿಗಳಲ್ಲಿ ಹಾಗೆ ಬರೆಯುವುದಿಲ್ಲ ನಿಜ. ಆದರೆ ಕಲಿಯುವ ಮೊದಲ ವಾರದಲ್ಲಿ ಮಗು ತನ್ನ ಮಾತಿನಲ್ಲಿ ಯೋಚಿಸಬಹುದು. ಇನ್ನೊಂದು ಮಾತು, ಜೆ2ಇಇ ಅನ್ನುವುದು ಇಂಗ್ಲಿಷ್ ಮೀಡಿಯಂ ಹುಡುಗನಿಗೂ ಹುಟ್ಟಿನಿಂದ ಗೊತ್ತಿರುವುದಿಲ್ಲ. ಆ ಅಕ್ಷರಗಳು ಇಂಗ್ಲಿಷ್ ಭಾಷೆಯಲ್ಲ, ಬರೀ ಗುರುತುಗಳು. ಅವುಗಳ ಮುಂದೆ ಕನ್ನಡ ಹುಡುಗನೂ ಕಾನ್ವೆಂಟ್ ಹುಡುಗನೂ ಒಂದೇ. ವ್ಯತ್ಯಾಸ ಏನೆಂದರೆ ಅವನ ಮನೆಯಲ್ಲಿ ಅಣ್ಣನೋ ಮಾವನೋ ಬಿಡಿಸಿ ಹೇಳಲು ಇರುತ್ತಾರೆ, ಇವನ ಮನೆಯಲ್ಲಿ ಇಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು, ಫೀಸು ಕಟ್ಟುವ ತೀರ್ಮಾನ ಆಗುವುದು ಕೋಚಿಂಗ್ ಸೆಂಟರಿನ ಎಸಿ ಕೋಣೆಯಲ್ಲಲ್ಲ. ನ್ಯಾಲಕಲ್‌ನ ಒಂದು ಮನೆಯ ಅಂಗಳದಲ್ಲಿ, ರಾತ್ರಿ ಊಟ ಆದ ಮೇಲೆ, ಕನ್ನಡದಲ್ಲಿ ಆಗುತ್ತದೆ. ಎಮ್ಮೆ ಮಾರಬೇಕೋ, ಸಂಘದಲ್ಲಿ ಸಾಲ ತೆಗೆಯಬೇಕೋ, ತಂಗಿಯ ಓದು ಒಂದು ವರ್ಷ ನಿಲ್ಲಿಸಬೇಕೋ ಎಂಬ ಮಾತು ಅಲ್ಲಿ ನಡೆಯುತ್ತದೆ. ಆ ಅಂಗಳಕ್ಕೆ ಇಂಗ್ಲಿಷ್ ವಿವರಣೆ ತಲುಪುವುದಿಲ್ಲ. "ಯಪ್ಪಾ, ಇವು ಮೂರು ಕೋರ್ಸ್ ಅಲ್ಲ, ಒಂದೇ" ಅಂತ ಹುಡುಗ ಕನ್ನಡದಲ್ಲಿ ಹೇಳಬಲ್ಲವನಾದರೆ ಎಮ್ಮೆ ಉಳಿಯುತ್ತದೆ, ತಂಗಿಯ ಓದೂ ಉಳಿಯುತ್ತದೆ. ಕನ್ನಡದಲ್ಲಿ ತಿಳಿಯುವುದರ ಉಪಯೋಗ ಇದು.

ಕೋಚಿಂಗ್ ಸೆಂಟರುಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕಲಿತು ಬದುಕು ಕಟ್ಟಿಕೊಂಡ ನಮ್ಮ ಮಕ್ಕಳು ಇದ್ದಾರೆ. ಆದರೆ ಸಂತೆಗೆ ಹೋಗುವವನಿಗೆ ಸೇರು, ಪಾವಿನ ಲೆಕ್ಕ ಗೊತ್ತಿರಬೇಕು. ಅದಕ್ಕೆ ಕೌಂಟರಿನಲ್ಲಿ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟು ಕಳಿಸುತ್ತೇನೆ. ನಿಮಗೂ ಬೇಕಾದರೆ ಬಳಸಿ.

ಒಂದು, ನಿಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ಯಾವ ಜಾವಾ ಇದೆ? 17, 21, 25 ಅಂದರೆ ಸರಿ. 8 ಮಾತ್ರ ಅಂದರೆ ಯಾಕೆ ಅಂತ ಕೇಳಿ. ಹಳೆಯ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸಕ್ಕೆ 8 ಇವತ್ತಿಗೂ ಬೇಕು, ಆದರೆ ಅದೊಂದೇ ಸಾಲದು.

ಎರಡು, ಸಾಫ್ಟ್‌ವೇರಿಗೆ ಬೇರೆ ದುಡ್ಡು ಇದೆಯೇ? ಇದೆ ಅಂದರೆ ಎದ್ದು ಬನ್ನಿ. ಸನ್ ಕಂಪನಿ 2006-07ರಲ್ಲೇ ಜಾವಾದ ಒಳಗನ್ನು ಎಲ್ಲರಿಗೂ ತೆರೆದಿಟ್ಟಿತು. ಓಪನ್‌ಜೆಡಿಕೆ ಎಂಬ ಹೆಸರಿನಲ್ಲಿ ಅದು ಪುಕ್ಕಟೆ ಸಿಗುತ್ತದೆ. ಕಲಿಯುವವರು ಒಂದು ಪೈಸೆ ಕೊಡಬೇಕಾಗಿಲ್ಲ.

ಮೂರು, ಕೋರ್ ಮತ್ತು ಅಡ್ವಾನ್ಸ್ಡ್ ಎರಡಕ್ಕೂ ಒಟ್ಟಿಗೇ ಯಾಕೆ ಕಟ್ಟಬೇಕು? ಮೂಲ ಗಟ್ಟಿಯಾದ ಮೇಲೆ ಮುಂದಿನದಕ್ಕೆ ಕಟ್ಟಿದರೆ ಆಗದೇ?

ನಾಲ್ಕು, ಸ್ಪ್ರಿಂಗ್ ಬೂಟ್‌ನ ಎಷ್ಟನೇ ಆವೃತ್ತಿ ಹೇಳಿಕೊಡುತ್ತೀರಿ? 3ಕ್ಕಿಂತ ಕೆಳಗಿನದಾದರೆ ಹಳೆಯ ಜಾವಾಎಕ್ಸ್ ಕಾಲದ್ದು ಅಂತ ತಿಳಿಯಿರಿ.

ಐದು, ಮೊದಲ ತಿಂಗಳ ಕೊನೆಗೆ ಹುಡುಗ ತಾನೇ ಕೈಯಾರೆ ಏನು ಬರೆಯಬಲ್ಲ? ಇದಕ್ಕೆ ನೇರ ಉತ್ತರ ಕೊಡುವವರು ಒಳ್ಳೆಯ ಮೇಷ್ಟ್ರು. ಸರ್ಟಿಫಿಕೇಟು ತೋರಿಸುವವರು ವ್ಯಾಪಾರಸ್ಥರು.

ನಮ್ಮ ಶಾಲೆಗಳು ಮಾಡಬೇಕಾದದ್ದು ದೊಡ್ಡದೇನಲ್ಲ. ಕಂಪ್ಯೂಟರ್ ಲ್ಯಾಬ್ ಇಲ್ಲದ ಶಾಲೆಯಲ್ಲೂ ಒಂದು ಡ್ರಾಯಿಂಗ್ ಶೀಟ್ ಇರುತ್ತದೆ. ಅದರ ಮೇಲೆ ಒಂದು ಮರ ಬರೆಸಿ. ಬುಡದಲ್ಲಿ ಓಕ್, 1991. ಕಾಂಡದಲ್ಲಿ ಜಾವಾ ಮತ್ತು ಆವೃತ್ತಿಗಳ ಇಸವಿ. ಮೂರು ಕವಲಿಗೆ ಎಸ್‌ಇ, ಎಂಇ, ಇಇ. ಇಇ ಕವಲಿನ ತುದಿಯಲ್ಲಿ ಜಕಾರ್ತ. ಪಕ್ಕದಲ್ಲಿ ಬೇರೆಯೇ ಒಂದು ಗಿಡ, ಜಾವಾಸ್ಕ್ರಿಪ್ಟ್. ಹತ್ತನೇ ತರಗತಿಯ ಮಕ್ಕಳನ್ನು ಬೀಳ್ಕೊಡುವ ದಿನ ಭಾಷಣ ಒಂದರ್ಧ ಗಂಟೆ ಕಮ್ಮಿ ಮಾಡಿ, ಹಾರ-ತುರಾಯಿ ಬಿಟ್ಟು, ಈ ಮರ ತೋರಿಸಿ ಒಂದು ಗಂಟೆ ಮಾತಾಡೋಣ. ಆ ದಿನ ತಂದೆ-ತಾಯಿ ಬಂದಿರುತ್ತಾರೆ, ಅವರೂ ಕೇಳಲಿ. ಜೆಡಿಕೆಗೆ ಕನ್ನಡ ಪದ ಹುಡುಕುತ್ತ ಕೂರುವುದು ಬೇಡ. ಹೆಸರು ಹಾಗೇ ಇರಲಿ, ಅರ್ಥ ಕನ್ನಡದಲ್ಲಿ ಇರಲಿ.

ಹೈದರಾಬಾದ್, ಬೆಂಗಳೂರು, ಪುಣೆಯಲ್ಲಿ ಈ ಕೆಲಸದಲ್ಲೇ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಿನ್ನಹ. ದಸರೆಗೆ ಊರಿಗೆ ಬಂದಾಗ ನಿಮ್ಮ ಶಾಲೆಗೆ ಒಂದು ಗಂಟೆ ಕೊಡಿ. ಹೊಸ ಬೆಂಚು, ಫ್ಯಾನು ಕೊಡುವವರು ಬೇರೆ ಇದ್ದಾರೆ. ನಿಮ್ಮ ಹತ್ತಿರ ಇರುವುದು ಅವರ ಹತ್ತಿರ ಇಲ್ಲ. ಯಾವ ಹೆಸರು ಬರೀ ಹೆಸರು, ಯಾವ ಹೆಸರಿಗೆ ಕೆಲಸ ಇದೆ ಅಂತ ನಮ್ಮ ಮಾತಿನಲ್ಲಿ ಹೇಳಿ ಹೋಗಿ. ತಾಂಡೂರಿನವರು ಪೈಥಾನ್ ಬಗ್ಗೆ, ನಾರಾಯಣಖೇಡದವರು ಸಿ ಮತ್ತು ಸಿ ಪ್ಲಸ್ ಪ್ಲಸ್ ಬಗ್ಗೆ ಹೀಗೇ ಒಂದೊಂದು ಮರ ಬರೆದರೆ ಎರಡು-ಮೂರು ವರ್ಷದಲ್ಲಿ ನಮ್ಮ ಗಡಿ ಶಾಲೆಗಳ ಗೋಡೆಗಳೇ ಒಂದು ಪುಸ್ತಕ ಆಗುತ್ತವೆ.

ನಿಮ್ಮ ಶಾಲೆಯಲ್ಲಿ ಈ ಮರ ಬರೆಸಿದರೆ ನನಗೂ ತಿಳಿಸಿ. ತಪ್ಪಿದ್ದರೆ ತಿದ್ದಿ, ಬಿಟ್ಟದ್ದಿದ್ದರೆ ಸೇರಿಸಿ. ಮಾರ್ಚ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಒಂದು ಹೊಸ ನಂಬರು ಬರುತ್ತಲೇ ಇರುತ್ತದೆ. ಹಾಗಾಗಿ ಕಾಂಡದ ಮೇಲ್ಗಡೆ ಸ್ವಲ್ಪ ಜಾಗ ಬಿಟ್ಟೇ ಬರೆಸಿ.